ಜೀಪಿನ ಆಟದ ಸಾವಕಾರ್ರು

ಕಳೆದ ವಾರ ನನ್ನ ಮೈದುನ ಹೊಸ ಕಂಪ್ಯೂಟರ್ ತಂದ. ಅದರ ಪರದೆಗೆ ಅಂಟಿದ್ದ ಪ್ಲಾಸ್ಟಿಕ್ ಹಾಳೆ ಕೀಳುವ ಮೊದಲೇ ನನ್ನ ಹತ್ತಿರ ಬಂದು, ಮೊಬೈಲಿನಲ್ಲಿ ಎರಡು ಆಟಗಳ ಚಿತ್ರ ತೋರಿಸಿ, "ವೈನೀ, ನಾಕು ಮಂದಿ ಕೂಡಿ ಆಡೂ ಗುಂಡಿನಾಟ ಇವು. ಎರಡರಾಗ ಯಾವುದು ಚಲೋ?" ಎಂದು ಕೇಳಿದ.

ಎರಡನ್ನೂ ನಾನು ವರ್ಷಗಟ್ಟಲೆ ಆಡಿದ್ದೇನೆ. ಒಂದು ಹಳೆಯದು. ಉಪ್ಪಿನ ಬಯಲೊಂದರಲ್ಲಿ ನಾಲ್ವರು ಒಂದೇ ಜೀಪು ಹತ್ತಿ ತಿರುಗುತ್ತ ಡಕಾಯಿತರನ್ನು ಹೊಡೆಯುವುದು. ಇನ್ನೊಂದು ಹೊಸದು. ಗಾಜಿನ ಗೋಪುರವನ್ನು ಮಹಡಿ ಮಹಡಿಯಾಗಿ ಹತ್ತುತ್ತ ದೆವ್ವಗಳನ್ನು ಹೊಡೆಯುವುದು. ಅವುಗಳ ಅಸಲಿ ಹೆಸರುಗಳನ್ನು ಕೂಡಿ ಆಡುತ್ತಿದ್ದ ನಾವು ನಾಲ್ವರು ಯಾವತ್ತೂ ಬಳಸಲಿಲ್ಲ. ಜೀಪಿನ ಆಟ, ಗೋಪುರದ ಆಟ, ಅಷ್ಟೇ.

"ಗೋಪುರದ್ದು ಬ್ಯಾಡ. ಅದರಾಗ ಸಿಗೂದು ಲೂಟಿ ಅಲ್ಲ, ಕಸ. ಕಸಾ ಹೊಡಿಯೂ ಕೆಲಸ ಮನ್ಯಾಗೂ ಐತಿ, ಅದಕ್ಯಾಕ ಕಂಪ್ಯೂಟರ್ ಬೇಕು?" ಅಂದೆ.

ಅಂದಮೇಲೆ ನನಗೇ ನಗು ಬಂತು. ಆ ಮಾತು ನನ್ನದಲ್ಲ. ಸವಣೂರಿನ ಸಾವಕಾರ್ರದು. ಅವರ ಬಾಯಿಂದ ಆ ಮಾತು ಕೇಳಿದಾಗ ನನಗೆ ಮೈ ಉರಿದಿತ್ತು.

ಅವರ ಹೆಸರು ಇಲ್ಲಿ ಬೇಡ. ನಾವೂ ಹೆಸರು ಹಿಡಿದು ಕರೆದವರಲ್ಲ. ಸವಣೂರಿನಲ್ಲಿ ತಲೆತಲಾಂತರದಿಂದ ಖಾರಾ, ಸೇವು ಕರಿದು ಮಾರುವ ಮನೆತನ. ಐವತ್ತು ದಾಟಿದ ದಪ್ಪ ಮನುಷ್ಯ, ದಪ್ಪ ಕನ್ನಡಕ, ಜಗತ್ತಿನ ಯಾವ ವಸ್ತುವನ್ನೂ ಮೆಚ್ಚಬಾರದು ಎಂದು ಹರಕೆ ಹೊತ್ತಂಥ ಮುಖ. ಬೇರೆಯವರು ಕರಿದ ಖಾರಾ ಮೂಸಿ ನೋಡಿ, "ಎಣ್ಣಿ ಚಲೋ ಐತಿ, ಪಾಪ, ವ್ಯರ್ಥ ಹೋತು" ಎನ್ನುವ ಜಾತಿ. ನಾನು ಹಾನಗಲ್ಲಿನಲ್ಲಿ ಗಂಡನ ಜೊತೆ ಫ್ಲೆಕ್ಸ್ ಬ್ಯಾನರು, ಲಗ್ನಪತ್ರಿಕೆ ಮಾಡುವವಳು. ನಮ್ಮ ಆಟದ ಗುಂಪಿನ ಮೂರನೆಯವನು ಹಿರೇಕೆರೂರಿನ ಮದುವೆ ಫೋಟೋಗ್ರಾಫರ್. ನಾಲ್ಕನೆಯವನು ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವವನು. ನಮ್ಮೆಲ್ಲರ ಕಂಪ್ಯೂಟರನ್ನೂ ಅವನೇ ಜೋಡಿಸಿಕೊಟ್ಟಿದ್ದ. ನಮ್ಮನ್ನೂ ಅವನೇ ಜೋಡಿಸಿದ.

ಸಾವಕಾರ್ರು ಅವನ ಅಂಗಡಿಗೆ ಬಿಲ್ ಮಾಡುವ ಕಂಪ್ಯೂಟರಿಗೆಂದು ಬಂದಿದ್ದರಂತೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮನುಷ್ಯ ಬದುಕಲಾರ ಎಂದು ನಂಬಿದ್ದ ಶಿಗ್ಗಾಂವಿಯವನು ಅದನ್ನೂ ತುರುಕಿ ಕೊಟ್ಟ. ಹದಿನೈದು ದಿನಕ್ಕೆ ಸಾವಕಾರ್ರು ಡಬ್ಬಿ ಸಮೇತ ವಾಪಸು ಬಂದರು.

"ಇದರಾಗಿನ ಫ್ಯಾನು ಭರ್ ಅಂತೈತಿ. ಕೆಲಸ ಮಾತ್ರ ಏನೂ ಕಾಣವಲ್ದು. ಇಂಥಾ ಆಳು ನನ್ನ ಅಂಗಡ್ಯಾಗ ಮೊದಲ ಇಬ್ಬರದಾರ. ಮೂರನೇದ್ದು ಬ್ಯಾಡ."

ಕಾರ್ಡ್ ಯಾಕೆ ಬೇಕು ಎಂದು ತೋರಿಸಲು ಇವನು ಜೀಪಿನ ಆಟ ಹಾಕಿ ಕೂರಿಸಿದ. ಸಾವಕಾರ್ರು ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಆಡಿ ಎದ್ದು, "ಇದರಾಗ ಏನೂ ಇಲ್ಲ" ಎಂದು ಡಬ್ಬಿ ಹೊತ್ತುಕೊಂಡು ಸವಣೂರಿಗೆ ಹೋದರು. ಮರುದಿನ ಫೋನ್ ಬಂತು. "ಆ ಏನೂ ಇಲ್ಲದ್ದರಾಗ ಸೇತುವಿ ಹೆಂಗ ದಾಟೂದು?"

ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ, ಪೇಟೆ ಮಲಗಿದ ಹೊತ್ತಿನಲ್ಲಿ, ನಾಲ್ಕು ಊರಿನಿಂದ ನಾಲ್ವರು ಒಂದೇ ಜೀಪು ಹತ್ತತೊಡಗಿದೆವು. ಸ್ಟೇರಿಂಗ್ ಯಾವಾಗಲೂ ಸಾವಕಾರ್ರದೇ. ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು.

"ಹಾನಗಲ್ಲ ಎಡಕ ಬಾ. ಹಿರೇಕೆರೂರ ಸತ್ತಾನ, ಶಿಗ್ಗಾಂವಿ ಅವನ್ನ ಎತ್ತು. ಎತ್ತೂ ಮುಂದ ಎರಡು ಬೈದು ಎತ್ತು."

ಜೀಪಿನ ಆಟದಲ್ಲಿ ಸತ್ತು ಬಿದ್ದವನನ್ನು ಜೊತೆಯವರೇ ಎತ್ತಿ ಬದುಕಿಸಬೇಕು. ಸಾವಕಾರ್ರ ಕಂಪ್ಯೂಟರ್ ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಹೆಡ್‌ಫೋನು ಒಂದೇ ಕಿವಿಗೆ, ಇನ್ನೊಂದು ಕಿವಿ ಗಿರಾಕಿಗಳಿಗೆ. ನಮಗೆ ಗುಂಡಿನ ಸದ್ದಿನ ಹಿಂದೆ ಬಾಣಲೆಯ ಚುರ್ ಸದ್ದು ಕೇಳುತ್ತಿತ್ತು. "ಪಾವ್ ಕಿಲೋ ಏನ್ರಿ? ಕೊಡ್ತೇನಿ, ಕುಂತ್ರಿ. ಒಬ್ಬಾಂವನ್ನ ಕೊಲ್ಲಾಕತ್ತೇನಿ, ಮುಗೀತು" ಎಂದು ಅವರು ಯಾರಿಗೋ ಹೇಳುವುದು ಕೇಳುತ್ತಿತ್ತು. ಆ ಗಿರಾಕಿ ಮತ್ತೆ ಬಂದನೋ ಇಲ್ಲವೋ ದೇವರೇ ಬಲ್ಲ.

ಜೀಪಿನ ಆಟದಲ್ಲಿ ಪೆಟ್ಟಿಗೆ ಒಡೆದರೆ ಬೀಳುವ ಮಾಲು ನಾಲ್ವರಿಗೂ ಸೇರಿ ಒಂದೇ. ಯಾರು ಮೊದಲು ಮುಟ್ಟುತ್ತಾರೋ ಅವರದು. ಇದು ಜಗಳಕ್ಕೆಂದೇ ಮಾಡಿದ ವ್ಯವಸ್ಥೆ. ಸಾವಕಾರ್ರು ಮೊದಲ ವಾರವೇ ಅದನ್ನು ರದ್ದು ಮಾಡಿದರು. ಎಲ್ಲ ಮಾಲನ್ನೂ ತಂದು ಜೀಪಿನ ಮುಂದೆ ಸುರಿಯಬೇಕು. ಆಮೇಲೆ ಅವರು ಹಂಚುತ್ತಾರೆ. ಹಂಚುವಾಗ ಒಬ್ಬೊಬ್ಬರಿಗೂ ಮಂಗಳಾರತಿ.

"ತಗೋ ಹಾನಗಲ್ಲ. ನೀ ಹೆಂಗಿದ್ರೂ ಹತ್ತರಾಗ ಒಂದು ಗುರಿಗೆ ಹೊಡೀತಿ. ಈ ಬಂದೂಕು ಒಮ್ಮಿಗೇ ಹತ್ತು ಬಿಡ್ತದ."

ಸಿಟ್ಟಿನಿಂದಲೇ ತೆಗೆದುಕೊಂಡೆ. ನನ್ನ ಕೈಗೆ ಅದರಷ್ಟು ಹೊಂದುವ ಬಂದೂಕು ಆಮೇಲೆ ಸಿಗಲಿಲ್ಲ.

ಒಮ್ಮೆ ಹಿರೇಕೆರೂರಿನವನು ಬಂಗಾರದ ಬಣ್ಣದ ಪಿಸ್ತೂಲೊಂದನ್ನು ಯಾರಿಗೂ ಹೇಳದೆ ಒಳಗೆ ಹಾಕಿಕೊಂಡ. ಮುಂದಿನ ಕಾಳಗದಲ್ಲಿ ಅದನ್ನು ಹಾರಿಸಿದ. ಸಾವಕಾರ್ರು ಜೀಪು ನಿಲ್ಲಿಸಿದರು.

"ಹಿರೇಕೆರೂರ, ಇಳಿ."

"ಯಾಕ್ರಿ ಸಾವಕಾರ್ರ?"

"ಅದನ್ನ ಕೆಳಗ ಹಾಕು. ಮುಂದಿನ ಠಾಣೆ ತನಕ ನಡಕೋತ ಬಾ."

ಅವನು ಉಪ್ಪಿನ ಬಯಲಿನಲ್ಲಿ ನಡೆದ. ನಾವು ಹಿಂದೆ ಜೀಪನ್ನು ಅವನ ನಡಿಗೆಯ ವೇಗಕ್ಕೇ ಬಿಟ್ಟುಕೊಂಡು ಹೋದೆವು. ಮೂವತ್ತು ದಾಟಿದ, ಎರಡು ಕ್ಯಾಮೆರಾ ಒಂದು ಡ್ರೋನ್ ಇರುವ ಗೃಹಸ್ಥ, ಇಲ್ಲದ ಮರುಭೂಮಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕೂಡಿ ಹೊಡಿಯೂದು ನಾಯಿಗೂ ಬರ್ತದ," ಎಂದರು ಸಾವಕಾರ್ರು. "ಕೂಡಿ ಹಂಚಿಕೊಳ್ಳಾಕ ಬಂದ್ರ ಆಡು. ಇಲ್ಲಾಂದ್ರ ಲಗ್ನಕ್ಕ ಹೋಗಿ ಫೋಟೋ ಹೊಡಿ."

ಇಂಥ ಮನುಷ್ಯನ ಮುಂದೆ ಗೋಪುರದ ಆಟ ಬಂತು.

ಮೊದಲು ಕೊಂಡವನು ಹಿರೇಕೆರೂರಿನವನೇ. ಮೊಬೈಲಿನಲ್ಲಿ ಬಾಯಿ ಹರಿಯುವಂತೆ ಚೀರಿ ಆಟಗಳ ಗುಣಗಾನ ಮಾಡುವ ಹುಡುಗರ ವಿಡಿಯೋಗಳನ್ನು ನಮಗೆ ಕಳಿಸಿದ. ಸಾವಕಾರ್ರು ಒಂದನ್ನು ಪೂರ್ತಿ ನೋಡಿ, "ಹೊಸದಾಗಿ ಲಗ್ನಾದಾಂವ ಹೇಣ್ತಿ ಬಗ್ಗೆ ಹೇಳಿದಂಗ ಹೇಳ್ತಾನ. ಆರು ತಿಂಗಳ ಬಿಟ್ಟು ಕೇಳ್ರಿ" ಅಂದರು. ಆದರೂ ಕೊಂಡರು. ಬೈಯುವುದಕ್ಕಾದರೂ ಆಡಬೇಕಲ್ಲ.

ಬೈದರು. ಗೋಪುರದಲ್ಲಿ ಒಂದು ದೆವ್ವ ಸತ್ತರೆ ಹೊಟ್ಟೆ ಒಡೆದಂತೆ ಇಪ್ಪತ್ತು ಬಂದೂಕು, ಮೂವತ್ತು ಉಂಗುರ ಚೆಲ್ಲುತ್ತವೆ. ಅವರವರ ಪಾಲು ಅವರವರಿಗೆ ಮಾತ್ರ ಕಾಣುತ್ತದೆ. ಪಕ್ಕದವನಿಗೆ ಏನು ಸಿಕ್ಕಿತೆಂದು ಗೊತ್ತಾಗದು, ಬೇಕೆಂದರೂ ಕೊಡಲಾಗದು. ಅರ್ಧ ಆಟ ಚೀಲ ಖಾಲಿ ಮಾಡುವುದರಲ್ಲೇ ಹೋಗುತ್ತದೆ. ಕಸದ ಮಾತು ಹುಟ್ಟಿದ್ದು ಆಗಲೇ. ಮಟ್ಟ ಏರುವುದರ ಬಗ್ಗೆಯೂ ಅವರದೊಂದು ಮಾತಿತ್ತು. ಗೋಪುರದಲ್ಲಿ ಪ್ರತಿ ಮಹಡಿಗೂ ನಮ್ಮ ಪೆಟ್ಟಿನ ಅಂಕಿ ಹತ್ತು ಪಟ್ಟು ಏರುತ್ತದೆ, ದೆವ್ವದ ಆಯುಸ್ಸೂ ಅಷ್ಟೇ ಏರುತ್ತದೆ.

"ಪಗಾರ ಏರಿತಂತ ಪೇಡೆ ಹಂಚಿದಿ. ಬ್ಯಾಳಿ, ಎಣ್ಣಿ ಎಲ್ಲಾನೂ ಏರಿತು. ಈಗ ನೀ ಏನು ಏರಿದಿ ಹೇಳು? ಜೀಪಿನ ಆಟದಾಗ ಮೂರು ತಿಂಗಳಿಗೊಮ್ಮೆ ಒಂದು ಹೊಸಾ ವಿದ್ಯಾ ಸಿಗ್ತಿತ್ತು. ಆದ್ರ ಸಿಕ್ಕಮ್ಯಾಲೆ ನಾ ಬ್ಯಾರೆ ಮನಷ್ಯಾ ಆಗ್ತಿದ್ದೆ."

ಮೂರು ತಿಂಗಳೆಂಬುದು ಅವರ ಉತ್ಪ್ರೇಕ್ಷೆ. ಮಾತು ಮಾತ್ರ ಸುಳ್ಳಲ್ಲ.

ಕಾಳಗದ ವಿಷಯದಲ್ಲಿ ನಾನು ಅವರಿಗೆ ಎದುರಾಡುತ್ತಿದ್ದೆ. ಜೀಪಿನ ಆಟದ ಡಕಾಯಿತರು ಹೊಲದ ಬೆದರುಬೊಂಬೆಗಳ ಹಾಗೆ ನಿಂತು ಗುಂಡು ತಿನ್ನುವವರು. ಗೋಪುರದಲ್ಲಿ ಬಂದೂಕು ಕೈಯಲ್ಲಿ ಒದೆಯುತ್ತದೆ, ದೆವ್ವ ಹಿಂದೆ ಸರಿಯುತ್ತದೆ, ಬಳಸಿಕೊಂಡು ಬೆನ್ನಿಗೆ ಬರುತ್ತದೆ. ಇದನ್ನು ಹೇಳಿದಾಗ ಅವರು, "ಕೈಗೆ ಚಲೋ ಅನಸ್ತದ, ಖರೆ. ಕೈಗಷ್ಟ" ಅಂದರು. "ಆದ್ರ ಬಿದ್ದಾಂವ ಗುಳಿಗಿ ನುಂಗಿ ತಾನ ಎದ್ದು ನಿಲ್ತಾನಲ್ಲ, ಮತ್ತ ಉಳಿದ ಮೂರು ಮಂದಿ ಯಾತಕ್ಕ ಅದಾರು? ಊಟಕ್ಕೇನು?"

ಆದರೆ ಅವರ ನಿಜವಾದ ವಿಷ ಇದ್ದದ್ದು ಗೋಪುರದ ಅಂದಚಂದದ ಮೇಲೆ. ಜೀಪಿನ ಆಟದ ಚಿತ್ರಗಳು ಹಳೆ ಕ್ಯಾಲೆಂಡರಿನವು. ಚಪ್ಪಟೆ ಬಣ್ಣ, ಪ್ರತಿ ಮನುಷ್ಯನ ಸುತ್ತ, ಪ್ರತಿ ಕಲ್ಲಿನ ಸುತ್ತ ದಪ್ಪ ಕಪ್ಪು ಗೆರೆ. ಬ್ಯಾನರು ಮಾಡುವ ನನ್ನ ಕಣ್ಣಿಗೆ ಅದು ಬಡವಾಗಿ ಕಾಣುತ್ತಿತ್ತು. ಗೋಪುರದಲ್ಲಿ ಗಾಜಿನ ಒಳಗೆ ಗಾಜು, ಬೆಳಕಿನ ಮೇಲೆ ಬೆಳಕು, ಗುಂಡು ಬಿದ್ದಲ್ಲಿ ಕಿಡಿಯ ಹೂಮಳೆ. ಹಿರೇಕೆರೂರಿನವನು ಹೊಡೆಯುವುದನ್ನೇ ಬಿಟ್ಟು ನಿಂತು ನೋಡುತ್ತಿದ್ದ. ಸಾವಕಾರ್ರು ಹೇಳುತ್ತಿದ್ದರು, "ಗ್ವಾಡಿನೂ ಗಾಜು, ನೆಲಾನೂ ಗಾಜು. ಇದನ್ನ ಕಟ್ಟಿದಾಂವ ಒಂದಿನಾನೂ ಮನ್ಯಾಗ ಇದ್ದಾಂವಲ್ಲ. ಆರ್ಕೆಸ್ಟ್ರಾ ಸ್ಟೇಜಿನ ಮ್ಯಾಲ ಹುಟ್ಟಿ, ಅಲ್ಲೇ ಬೆಳದಾನ."

ಹೀಗೆ ಹೇಳುತ್ತಲೇ ಅವರು ಗೋಪುರದ ಅಂಚಿನಿಂದ ಕೆಳಗೆ ಬೀಳುತ್ತಿದ್ದರು. ಗೋಡೆಗೆ ಗುಂಡು ಹಾರಿಸುತ್ತಿದ್ದರು. ಶಿಗ್ಗಾಂವಿಯವನ ಬೆನ್ನಿಗೆ ಹಾರಿಸುತ್ತಿದ್ದರು. ಪ್ರತಿ ಸಲವೂ ಆಟದ್ದೇ ತಪ್ಪು, ಬೆಳಕಿನದೇ ತಪ್ಪು. ಅವರು ಬಿದ್ದು ಎದ್ದು ಬರುವುದನ್ನು ಕಾಯುತ್ತ ನಾವು ಒಂದೇ ಮಹಡಿಯಲ್ಲಿ ವಾರಗಟ್ಟಲೆ ಉಳಿದೆವು. ಕೊನೆಗೊಂದು ಭಾನುವಾರ ಹಿರೇಕೆರೂರಿನವನ ತಾಳ್ಮೆ ಹರಿಯಿತು.

"ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ನಿಮಗ ಆಡಾಕ ಬರವಲ್ದು. ಅದಕ್ಕ ಆಟಾ ಬೈತೀರಿ."

ಸಾವಕಾರ್ರು "ಖರೆ ಐತಿ" ಎಂದರು. ಪರದೆಯಲ್ಲಿ ಅವರ ಹೆಸರಿನ ಮುಂದಿನ ಹಸಿರು ದೀಪ ಆರಿತು, ಆಟ ಬಿಟ್ಟು ಹೋಗಿದ್ದರು.

ಅದನ್ನೂ ನಾವು ಕುಹಕ ಎಂದುಕೊಂಡೆವು. ಅವರ ಬಾಯಿಂದ ಕುಹಕವಲ್ಲದ್ದು ಬಂದ ನೆನಪು ನಮಗ್ಯಾರಿಗೂ ಇರಲಿಲ್ಲ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾಲ್ಕನೆಯ ಜಾಗಕ್ಕೆ ಆಟವೇ ಯಾರೋ ಅಪರಿಚಿತನನ್ನು ಕೊಟ್ಟಿತು. ಯಾವ ದೇಶದವನೋ, ಗೆದ್ದರೂ 'ಗುಡ್', ಸೋತರೂ 'ಗುಡ್' ಎಂದು ಬರೆಯುತ್ತಿದ್ದ. ಸರಸರನೆ ಮಹಡಿ ಏರಿದೆವು. ಏರಿದ ಖುಷಿ ಯಾರಿಗೂ ಆಗಲಿಲ್ಲ. ಆದರೆ ಒಪ್ಪಿಕೊಳ್ಳುವಷ್ಟು ದೊಡ್ಡತನವೂ ನಮ್ಮಲ್ಲಿರಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಅವರಿಂದ ಫೋನು. ಆಟದ ಸುದ್ದಿ ಇಲ್ಲ. ಅಂಗಡಿಗೆ ಹೊಸ ಬೋರ್ಡು ಬೇಕಂತೆ. ನಾನು ಎರಡು ನಮೂನೆ ಮಾಡಿ ದೊಡ್ಡದಾಗಿಯೇ ಅಚ್ಚು ಹಾಕಿ, ಸುರುಳಿ ಸುತ್ತಿಕೊಂಡು ಬಸ್ಸಿನಲ್ಲಿ ಸವಣೂರಿಗೆ ಹೋದೆ. ಒಂದು ನನ್ನ ಹೆಮ್ಮೆಯದು. ಕೆನೆ ಬಣ್ಣದ ಮೇಲೆ ಮಿಂಚುವ ಬಂಗಾರದ ಅಕ್ಷರ. ಇನ್ನೊಂದು ಸುಮ್ಮನೆ ಲೆಕ್ಕಕ್ಕಿರಲಿ ಎಂದು ಮಾಡಿದ್ದು. ಹಳದಿಯ ಮೇಲೆ ಕೆಂಪು ಅಕ್ಷರ, ಸುತ್ತ ಕಪ್ಪು ಗೆರೆ.

ಶಿಗ್ಗಾಂವಿಯವನ ಅಂಗಡಿಯಲ್ಲಿ ಒಮ್ಮೆ ಕಂಡದ್ದು ಬಿಟ್ಟರೆ, ಅವರನ್ನು ಮುಖಾಮುಖಿ ನೋಡಿದ್ದು ಅದೇ. ಹಣದ ಗಲ್ಲೆಯ ಮೇಲೆ ಕುಳಿತಿದ್ದರು. ನಮಸ್ಕಾರ ಅಂದೆ. "ಓ, ಹಾನಗಲ್ಲ. ಬಾರವಾ" ಎಂದರು, ಆದರೆ ನನ್ನ ಭುಜದ ಆಚೆ ಎಲ್ಲೋ ನೋಡುತ್ತ. ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟರು. ನಾನು ಬಂಗಾರದ ಬೋರ್ಡನ್ನು ಕಟ್ಟೆಯ ಮೇಲೆ ಹಾಸಿದೆ. ಸಾವಕಾರ್ರು ಅದರ ಮೇಲೆ ಬಾಗಿದರು. ತಲೆಯನ್ನು ಒಮ್ಮೆ ಈಕಡೆ, ಒಮ್ಮೆ ಆಕಡೆ ಓರೆ ಮಾಡಿದರು.

"ಇದರಾಗ ಅಕ್ಷರ ಎಲ್ಲಿ ಅದಾವು?"

ನನಗೆ ರೇಗಿತು. "ನಾಕು ದಿನಾ ಕುಂತು ಮಾಡೇನ್ರಿ ಸಾವಕಾರ್ರ. ಚಲೋ ಇರಲಿಲ್ಲಂದ್ರ ಚಲೋ ಇಲ್ಲ ಅನ್ರಿ. ಹಿಂಗ ಯಾಕ ಅಂತೀರಿ?"

ಹೆಂಡತಿ ಮುಂದೆ ಬಂದು, ಸಾವಕಾರ್ರ ಕೈ ಹಿಡಿದು, ತೋರುಬೆರಳನ್ನು ಮೊದಲ ಅಕ್ಷರದ ಮೇಲೆ ಇಟ್ಟರು. "ಇಲ್ಲಿಂದ ಸುರು ಆಗ್ತಾವ್ರಿ," ಎಂದರು ಮೆಲ್ಲಗೆ.

ಅವರು ಅಣಕಿಸಿರಲಿಲ್ಲ. ಅಕ್ಷರ ಕಾಣದೆ ಕೇಳಿದ್ದರು.

ನಾನು ಇನ್ನೊಂದು ಸುರುಳಿ ಬಿಚ್ಚಿದೆ. ಕೆಂಪು ಅಕ್ಷರ, ಕಪ್ಪು ಗೆರೆ. ಅವರು ಮತ್ತೆ ತಲೆ ಓರೆ ಮಾಡಿ, ಕಣ್ಣಂಚಿನಿಂದ ನೋಡಿ, ಒಂದೊಂದೇ ಅಕ್ಷರ ಓದಿದರು. "ಇದು ಬೋರ್ಡು" ಎಂದರು.

ಆಮೇಲೆ ತಾವೇ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ನರಗಳನ್ನು ತಿನ್ನುತ್ತಿತ್ತು. ಹುಬ್ಬಳ್ಳಿಯಲ್ಲಿ ಕಣ್ಣಿಗೇ ಸೂಜಿ ಹಾಕುತ್ತಿದ್ದರು. ನೋಟದ ನಡುವೆ ಕಲೆ ಬಿದ್ದಿದೆ, ಅಂಚು ಮಾತ್ರ ಉಳಿದಿದೆ. ಗೋಪುರ ಅವರಿಗೆ ಒಂದು ಬಿಳಿ ಮಂಜಿನ ಗುಡ್ಡೆಯಷ್ಟೇ ಆಗಿತ್ತು. ಜೀಪಿನ ಆಟದ ಕಪ್ಪು ಗೆರೆಗಳು ಇನ್ನೂ ಹಿಡಿಯಲು ಸಿಗುತ್ತಿದ್ದವು.

"ಮೊದಲ ಯಾಕ ಹೇಳಲಿಲ್ರಿ?"

"ಕಣ್ಣಿಗೆ ಬೈದ್ರ ಏನು ಉಪಯೋಗ? ಆಟಕ್ಕ ಬೈದ್ರ ಮನಸ್ಸಿಗಾದ್ರೂ ಸಮಾಧಾನ."

"ನಾ ಹುಡುಗರಿಗೆ ಹೇಳ್ತೇನ್ರಿ. ಸುಮ್ನ ಇರಾಕ ಆಗೂದಿಲ್ಲ."

ಅವರು ಗಲ್ಲೆಯ ಮರವನ್ನು ಸವರಿದರು. "ಹೇಳು. ಆದ್ರ ಒಬ್ಬಾಂವ ಪಾಪ ಅಂದ್ರೂ ಮುಂದ ನಾ ಫೋನ್ ಎತ್ತೂದಿಲ್ಲ."

ಭಾನುವಾರ ನಾಲ್ವರೂ ಜೀಪಿನ ಆಟಕ್ಕೆ ಮರಳಿದೆವು. ಯಾರೂ ಪಾಪ ಎನ್ನಲಿಲ್ಲ. ಮೊದಲು ಬಾಯಿ ಬಿಟ್ಟವನು ಹಿರೇಕೆರೂರಿನವನು. "ಸಾವಕಾರ್ರ, ಆ ಗ್ವಾಡಿ ನಿಮಗೇನು ಮಾಡೇತ್ರಿ, ಅದನ್ಯಾಕ ಹೊಡೀತೀರಿ? ಕಳ್ಳ ಬಲಕ್ಕದಾನ. ಇನ್ನೂ ಬಲಕ್ಕ. ಹಾಂ, ಹೊಡೀರಿ." ಸಾವಕಾರ್ರು ಹೊಡೆದರು, ಕಳ್ಳ ಬಿದ್ದ. "ಇಷ್ಟು ಸಾವಕಾಶ ಹೇಳಿದ್ರ ಕಳ್ಳಗ ಮುಪ್ಪು ಬರ್ತದ," ಎಂದರು.

ಸ್ಟೇರಿಂಗನ್ನು ಅವರು ಬಿಟ್ಟುಕೊಡಲಿಲ್ಲ. ನಾನು ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತಿದ್ದೆ. ಕಲ್ಲು ಬಂತು, ಎಡಕ್ಕೆ. ಹಳ್ಳ ಬಂತು, ನಿಲ್ಲಿಸಿ. ಎರಡು ಸಲ ಕಂದರಕ್ಕೆ ಬಿದ್ದೆವು. ಎರಡು ಸಲವೂ ತಪ್ಪು ನನ್ನ ಕನ್ನಡದ್ದೇ ಆಯಿತು. ಆ ಚಳಿಗಾಲ ಆಡಿದಷ್ಟು ಚೆನ್ನಾಗಿ ನಾವು ಯಾವತ್ತೂ ಆಡಿರಲಿಲ್ಲ. ನಾಲ್ವರೂ ಒಬ್ಬರ ಮಾತು ಒಬ್ಬರು ಪೂರ್ತಿ ಕೇಳಿಸಿಕೊಳ್ಳುವುದು ಎಂದರೇನೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಕಪ್ಪು ಗೆರೆಗಳೂ ಕಲಸಿಹೋದವು. ಒಂದು ಭಾನುವಾರ ಅವರು ಜೀಪು ನಿಲ್ಲಿಸಿ ಇಳಿದು, ತಮ್ಮ ಚೀಲದಲ್ಲಿದ್ದುದೆಲ್ಲವನ್ನೂ ನೆಲಕ್ಕೆ ಸುರಿದರು. ವರ್ಷಗಳಿಂದ ಕೂಡಿಟ್ಟಿದ್ದ ಬಂದೂಕುಗಳು.

"ತಗೋರಿ. ಈ ಸಲ ಹಂಚಾಕ ನನಗ ಆಗೂದಿಲ್ಲ. ಯಾವುದು ಯಾವ ಬಣ್ಣದ್ದು ತಿಳಿಯವಲ್ದು."

ನಾವು ಮೂವರೂ ಅವನ್ನು ಮುಟ್ಟದೆ ಸುತ್ತ ನಿಂತೆವು. "ನಿಂತ್ರೇನು?" ಎಂದರು ಅವರು. "ತಗೊಂಡು ಹೊಡೀರಿ. ನಿಮ್ಮ ಕೈಯಾಗ ಚಲೋ ಬಂದೂಕು ಇದ್ರ ಅಷ್ಟ ನೀವು ಉಳಿಯೂದು. ಇಲ್ಲಾಂದ್ರ ಗೊತ್ತೈತಲ್ಲ ನಿಮ್ಮ ಹಣೇಬರಾ." ಹೆಡ್‌ಫೋನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಅವರು ಮತ್ತೆ ಬರಲಿಲ್ಲ.

ನಾವು ಮೂವರು ಇನ್ನೆರಡು ತಿಂಗಳು ಎಳೆದೆವು. ಆಮೇಲೆ ಹಿರೇಕೆರೂರಿನವನಿಗೆ ಮದುವೆ ಹಂಗಾಮು, ಶಿಗ್ಗಾಂವಿಯವನಿಗೆ ಬೇರೆ ಊರಲ್ಲೊಂದು ಅಂಗಡಿ. ಈಗ ನಾನು ಸಿಕ್ಕವರ ಜೊತೆ ಆಡುತ್ತೇನೆ. ಎಲ್ಲರೂ ಬಹಳ ಸಭ್ಯರು. ನಾನು ಎಷ್ಟು ಕೆಟ್ಟದಾಗಿ ಆಡಿದರೂ ಹೊಗಳುತ್ತಾರೆ. ಹೊಗಳಿಕೆ ಇಷ್ಟು ಅಗ್ಗವಾದ ಮೇಲೆ ಅದನ್ನು ತೆಗೆದುಕೊಂಡು ಏನು ಮಾಡುವುದೋ ತಿಳಿಯುವುದಿಲ್ಲ.

ಈ ಬೇಸಿಗೆಯಲ್ಲಿ ಲಗ್ನಪತ್ರಿಕೆ ಕೊಡಲು ಸವಣೂರಿಗೆ ಹೋದಾಗ ಅವರ ಅಂಗಡಿಗೆ ಹೋದೆ. ಅಂಗಡಿಯನ್ನು ಹೆಂಡತಿ ನೋಡಿಕೊಳ್ಳುತ್ತಿದ್ದರು. ಅವರು ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ಬಾಣಲೆಯ ಸದ್ದು ಕೇಳಿಯೇ ಆಳುಗಳಿಗೆ ಉರಿ ತಗ್ಗಿಸಲು ಬೈಯುತ್ತಿದ್ದರು. ದನಿ ಹಿಡಿದು ನನ್ನನ್ನು ಗುರುತಿಸಿದರು.

"ಈಗ ಯಾವುದು ಆಡಾಕತ್ತೀದಿ?"

ಹೊಸತೊಂದು ಬಂದಿದೆ ಎಂದೆ. ಸಮುದ್ರದ ತಳದ್ದು.

"ಕುಂತು ಹೇಳು. ಎಲ್ಲಾ ಹೇಳು."

ಹೇಳಿದೆ. ಪೆಟ್ಟಿಗೆಯಲ್ಲಿ ಏನು ಸಿಗುತ್ತದೆ, ಸಿಕ್ಕದ್ದನ್ನು ಯಾರಿಗೆ ಕೊಡಬಹುದು, ಮಟ್ಟ ಏರಿದರೆ ಏನಾಗುತ್ತದೆ. ನೀರಿನೊಳಗೆ ಗುಂಡು ಹೇಗೆ ನಿಧಾನಿಸುತ್ತದೆ, ಮೀನುಗಳ ಹಿಂಡು ಹೇಗೆ ಒಮ್ಮೆಗೇ ತಿರುಗುತ್ತದೆ, ಆಳಕ್ಕೆ ಹೋದಂತೆ ಬೆಳಕಿನ ಬಣ್ಣ ಹೇಗೆ ಬದಲಾಗುತ್ತದೆ. ಹಸಿರು ಎಂದಾಗ ಅವರು ತಡೆದರು. "ಎಂಥಾ ಹಸರು? ಎಲಿ ತ್ವಾಟದ್ದೋ, ಪಾಚಿದೋ?" ಪಾಚಿಯದು ಎಂದೆ. ತಲೆಯಾಡಿಸಿದರು. ಹೆಂಡತಿ ಎರಡು ಸಲ ಚಹಾ ತಂದಿಟ್ಟರು. ಹಾನಗಲ್ಲಿನ ಬಸ್ಸೊಂದು ಹೋಯಿತು. ಕಣ್ಣು ಮುಚ್ಚಿಕೊಂಡು, ಮುಖ ನನ್ನ ಕಡೆ ಮಾಡಿ, ಅವರು ಕೊನೆಯವರೆಗೂ ಕೇಳಿದರು.

ಮುಗಿಸಿದಾಗ ಹೇಗಿದೆ ಎಂದು ನಾನೇ ಕೇಳಿದೆ.

"ಆಟಾ ಹಲ್ಕಟ್ ಐತಿ," ಎಂದರು. ಚಹಾದ ಬಟ್ಟಲಿಗಾಗಿ ಮೇಜಿನ ಮೇಲೆ ಕೈಯಾಡಿಸಿದರು. ನಾನು ಅದನ್ನು ಅವರ ಬೆರಳಿನ ಹತ್ತಿರ ಸರಿಸಿದೆ. ಒಂದು ಗುಟುಕು ಕುಡಿದು, ಆರಿದೆ ಎಂದು ಮುಖ ಗಂಟಿಕ್ಕಿ, ಕೆಳಗಿಟ್ಟು ಹೇಳಿದರು.

"ಮುಂದಿನ ಐತವಾರ ಫೋನ್ ಹಚ್ಚು. ಮುಂದೇನಾತು ಹೇಳು."